ಕಲೆಯ ಕಾರಣ

ಸರಕು ವಾಪಸು ಬಂತು. ನಲವತ್ತೆರಡು ವಾಲ್ವು,
ಒಂಟೆಹಾಲಿನ ಡೈರಿಗೆಂದು ಹೋದದ್ದು,
ಬಿಚ್ಚಿ ಮತ್ತೆ ಕಟ್ಟಿದ ಪೆಟ್ಟಿಗೆಯಲ್ಲಿ.
ಮೇಲೊಂದು ಹಳದಿ ಚೀಟಿ: ಮೈಮೇಲೆ ಕಲೆ.

ಹಮ್ರಿಯಾದಲ್ಲಿ ಆಗಸ್ಟು.
ಬೆಳಗಿನ ಎಂಟಕ್ಕೇ ಶೆಡ್ಡಿನ ತಗಡು ಮುಟ್ಟುವಂತಿಲ್ಲ.
ಸಮುದ್ರ ಇನ್ನೂರು ಮಾರು ದೂರ, ಕಾಣುವುದಿಲ್ಲ;
ಗಾಳಿ ಮಾತ್ರ ಬಂದು ತುಟಿಗೆ ಉಪ್ಪು ಸವರುತ್ತದೆ.

ಆಸಿಡ್ಡಿನ ತೊಟ್ಟಿ ಅರವತ್ತು ಡಿಗ್ರಿ,
ಜೋನಿಬೆಲ್ಲದಷ್ಟು ಮಂದ, ಮೇಲೆ ಸದ್ದಿಲ್ಲ.
ಮೊದಲು ಅದನ್ನೇ ಅನುಮಾನಿಸಿದೆ.
ಹೈಡ್ರೋಮೀಟರ್ ಬಿಟ್ಟೆ: ಸಾಂದ್ರತೆ ಸರಿ.
ಕರಗಿದ ಕಬ್ಬಿಣ ಮಿತಿಯೊಳಗೇ.
ಕರೆಂಟು, ವೋಲ್ಟು, ನಿಮಿಷ,
ದಾಖಲೆ ಪುಸ್ತಕದಲ್ಲಿ ಯಾರದೂ ಸುಳ್ಳಿಲ್ಲ.

ಕಲೆಗಳಲ್ಲೂ ಜಾತಿ ಉಂಟು.
ತೂತಿನ ಬಾಯಿಂದ ಮೇಲಕ್ಕೆ ಹರಿದ ಗೆರೆ,
ಉಕ್ಕು ತಲೆಕೆಳಗಾಗಿ ಅತ್ತಂತೆ,
ಅದು ಗುಳ್ಳೆಯ ಕೆಲಸ. ಗುಳ್ಳೆಗೆ ಹೊರಹೋಗಲು ದಾರಿ ಬೇಕು;
ಕೊಡದಿದ್ದರೆ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.
ವಾಲ್ವನ್ನು ಓರೆಯಾಗಿ ತೂಗುಹಾಕಿದೆವು. ಹೋಯಿತು.
ಕಿತ್ತಳೆ ಸಿಪ್ಪೆಯಂಥ ತರಿ, ಅದು ಗಿರಣಿಯಿಂದಲೇ ಬಂದದ್ದು.
ಹೊಳಪು ಯಾವುದನ್ನೂ ಮುಚ್ಚುವುದಿಲ್ಲ,
ಕೂದಲಿನ ಕಾಲುಪಾಲು ಮೈ ತೆಗೆದು
ಅಡಿಯಲ್ಲಿದ್ದದ್ದನ್ನು ಬೆಳಕಿಗೆ ಹಿಡಿಯುತ್ತದೆ.

ಉಳಿದದ್ದು ಮೂರನೆಯದು:
ಫ್ಲ್ಯಾಂಜಿನ ಅಂಚಿನಲ್ಲಿ, ಪ್ರತಿ ಬಾರಿಯೂ ಅದೇ ಅಂಚಿನಲ್ಲಿ
ಉಗುರಗಲದ ಮೋಡ.

ಮೊಯ್ನುಲ್‌ನನ್ನು ಕರೆದೆ. ಸಿಲ್ಹೆಟ್ಟಿನ ಹುಡುಗ,
ರ‍್ಯಾಕಿಗೆ ಕಟ್ಟುವವನು.
ಗ್ಲೌಸು ಎಲ್ಲಿ ಎಂದೆ. ತೋರಿಸಿದ.
ಎರಡು ಬೆರಳು ಹರಿದಿದ್ದವು, ಟೇಪು ಸುತ್ತಿಕೊಂಡಿದ್ದ.
ವರದಿಯಲ್ಲಿ 'ಕಾರಣ' ಎಂಬ ಕಾಲಮ್ಮಿದೆ.
ಬೆವರು, ರ‍್ಯಾಕ್ ವಿಭಾಗ, ಎಂದು ಬರೆದೆ.
ಎರಡು ದಿನದ ಸಂಬಳ ಹಿಡಿದರು.
ಅವನು ಏನೂ ಅನ್ನಲಿಲ್ಲ;
ಮರುದಿನ ತನ್ನದೇ ದುಡ್ಡಿನಲ್ಲಿ ಹೊಸ ಗ್ಲೌಸು ತಂದಿದ್ದ.

ಮೋಡ ಹೋಗಲಿಲ್ಲ.

ಒಂಬತ್ತನೇ ರಾತ್ರಿ, ಎಲ್ಲರೂ ಕ್ಯಾಂಪಿನ ಬಸ್ಸು ಹತ್ತಿದ ಮೇಲೆ,
ಭೂತಗನ್ನಡಿ ಹಿಡಿದು ಒಂದು ವಾಲ್ವಿನೆದುರು ಕೂತೆ.
ಮೋಡದೊಳಗೆ ಗೆರೆಗಳಿದ್ದವು, ನಾಲ್ಕೋ ಐದೋ,
ಅರ್ಧ ಅಳಿಸಿದವು, ಬಾಗಿದವು.
ಅವನ್ನು ಅಡ್ಡ ಕತ್ತರಿಸಿ ಒಂದು ಓರೆ ಗೀರು.

ಆ ಗೀರು ನನಗೆ ಗೊತ್ತು.
ಹರಿಹರದಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ,
ಲೇತಿನಿಂದ ಚಿಮ್ಮಿದ ಸುರುಳಿ ಸೀಳಿದ್ದು.
ವೀರಭದ್ರಾಚಾರಿ ಮೇಸ್ತ್ರಿ ಅರಿಶಿನ ಒತ್ತಿ
ಇನ್ನು ನೀನು ಕಬ್ಬಿಣದ ನೆಂಟ ಕಣೋ, ಎಂದು ನಕ್ಕಿದ್ದರು.

ತೊಳೆದಾದ ಮೇಲೆ, ತೊಟ್ಟಿಗೆ ಇಳಿಸುವ ಮೊದಲು,
ಕೊನೆಯದಾಗಿ ಬೆಳಕಿಗೆ ಹಿಡಿದು ನೋಡುವವನು ಇಲ್ಲಿ ಒಬ್ಬನೇ.
ಗ್ಲೌಸು ತೊಟ್ಟರೆ ಕೈ ಕುರುಡು ಎಂಬ ಜಂಬ ಬೇರೆ.
ಬರಿಗೈ. ಹೆಬ್ಬೆರಳು ಅಂಚಿನ ಮೇಲೆ.

ಗೇಟಿನ ಹಾಜರಿ ಯಂತ್ರ ಈ ಹೆಬ್ಬೆರಳನ್ನು ಒಪ್ಪುವುದಿಲ್ಲ.
ಇಪ್ಪತ್ತು ವರ್ಷದಲ್ಲಿ ಅಷ್ಟು ಸವೆದಿದೆ.
ಐಡಿ ಕಾರ್ಡಿನ ಕಚೇರಿಯ ಹುಡುಗಿ
ಮೂರು ಸಲ ಒದ್ದೆ ಟಿಶ್ಯೂ ಕೊಟ್ಟು ಒರೆಸಿ ಎಂದಿದ್ದಳು.
ದಿನಾ ಬೆಳಗ್ಗೆ ಕೆಂಪು ದೀಪ, ಮತ್ತೊಮ್ಮೆ, ಮತ್ತೊಮ್ಮೆ,
ಕೊನೆಗೆ ಸೆಕ್ಯುರಿಟಿಯವನು ನನ್ನ ನಂಬರನ್ನು ಪೆನ್ನಿನಲ್ಲಿ ಬರೆದುಕೊಳ್ಳುತ್ತಾನೆ.
ಉಕ್ಕು ಒಂದೇ ಸಲಕ್ಕೆ ಗುರುತು ಹಿಡಿದಿತ್ತು.

ಬೆಳಗ್ಗೆ ವರದಿ ತಿದ್ದಿದೆ.
ಕಾಲಮ್ಮು ಚಿಕ್ಕದು, ಆದರೂ ನನ್ನ ಹೆಸರು ಹಿಡಿಯಿತು.
ಮ್ಯಾನೇಜರ್ ಕುರುವಿಳಾ ಕನ್ನಡಕದ ಮೇಲಿಂದ ನೋಡಿ
ಹಿಡಿದ ಸಂಬಳ ವಾಪಸು ಕೊಡಲು ನಮ್ಮಲ್ಲಿ ಫಾರಮ್ಮಿಲ್ಲ, ಎಂದ.

ಜೇಬಿನಿಂದಲೇ ಕೊಟ್ಟೆ, ತೊಂಬತ್ತು ದಿರಮ್.
ಏನೋ ಹೇಳಬೇಕೆಂದು ನಿಂತಿದ್ದೆ.
ಮೊಯ್ನುಲ್ ಎರಡು ಸಲ ಎಣಿಸಿದ.
ಗ್ಲೌಸಿನ ಹನ್ನೆರಡು ಬಿಟ್ಟುಹೋಗಿದೆ, ಎಂದ.

ಅದನ್ನೂ ಕೊಟ್ಟೆ.